ಯಕ್ಷಗಾನ ಮೇಳದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದರೂ ರಾತ್ರಿ ನಿದ್ದೆ ಇಲ್ಲ. ಆರು ತಿಂಗಳು ರಾತ್ರಿ ಕೆಲಸ, ಉಳಿದದ್ದು ಮನೆ ಎಂದಿರುವವರು ಏನು ಮಾಡುತ್ತೀರಿ?

ಚೆಂಡೆಕೋಲು:

ನಾನು ಯಕ್ಷಗಾನ ಮೇಳದಲ್ಲಿ ಚೆಂಡೆಯವನು. ಉಡುಪಿ ಹತ್ತಿರ ಮನೆ. ನಮ್ಮ ಮೇಳ ಇನ್ನೂ ಕಾಲಮಿತಿಗೆ ಬಂದಿಲ್ಲ, ಇಡೀ ರಾತ್ರಿಯ ಆಟವೇ. ನವೆಂಬರಲ್ಲಿ ತಿರುಗಾಟ ಶುರುವಾದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನನಗೆ ರಾತ್ರಿಯೇ ಹಗಲು. ನನ್ನ ಪಾಳಿ ನಡುರಾತ್ರಿ ದಾಟಿದ ಮೇಲೆ, ಬೆಳಗ್ಗೆ ಮಂಗಳ ಹಾಡುವವರೆಗೆ. ಆಮೇಲೆ ಬಿಡಾರಕ್ಕೆ ಹೋಗಿ ಗಂಜಿ ಉಂಡು ಎಂಟಕ್ಕೆ ಮಲಗಿದರೆ ಎರಡಕ್ಕೆ ಏಳುವುದು. ಶಾಲೆಯ ಜಗಲಿ, ಸೆಕೆ, ನೊಣ, ಮಕ್ಕಳ ಗಲಾಟೆ, ಏನೇ ಇದ್ದರೂ ನಿದ್ದೆ ಬರುತ್ತದೆ. ಅದರ ಬಗ್ಗೆ ನನ್ನ ದೂರಿಲ್ಲ.

ತೊಂದರೆ ಈಗ, ಮನೆಗೆ ಬಂದ ಮೇಲೆ. ಹತ್ತು ಗಂಟೆಗೆ ಮಲಗುತ್ತೇನೆ, ಕಣ್ಣು ಮುಚ್ಚಿಕೊಂಡು ಮಾಡಿನ ಮೇಲೆ ಬೀಳುವ ಮಳೆ ಕೇಳುತ್ತಾ ಇರುತ್ತೇನೆ, ನಿದ್ದೆ ಹತ್ತುವಾಗ ನಾಲ್ಕು. ಯಾರೂ ಎಬ್ಬಿಸದಿದ್ದರೆ ಏಳುವುದು ಹನ್ನೊಂದಕ್ಕೆ. ಹೆಂಡತಿಗೆ ಇದು ಸೋಮಾರಿತನ ಎಂದು ಕಾಣುತ್ತದೆ, ಅವಳನ್ನು ತಪ್ಪು ಹೇಳುವ ಹಾಗೂ ಇಲ್ಲ. ಆರಕ್ಕೇ ಎಬ್ಬಿಸಿ ಡೇರಿಗೆ ಹಾಲು ಹಾಕಲು ಕಳಿಸುತ್ತಾಳೆ, ಹಾಗೆ ಮಾಡಿದರೆ ತನ್ನಿಂದ ತಾನೇ ಸರಿಯಾಗುತ್ತದೆ ಅಂತ. ಸರಿಯಾಗಲಿಲ್ಲ. ಕೆಲವು ವಾರವೇ ಆಯಿತು, ರಾತ್ರಿ ಇನ್ನೂ ತಡವಾಗಿದೆ ಅನ್ನಿ. ಹೋಗುವಾಗ ರಾತ್ರಿಗೆ ಹೊಂದಿಕೊಳ್ಳಲು ಇಷ್ಟು ಕಷ್ಟ ಆಗುವುದಿಲ್ಲ, ಬರುವಾಗ ಮಾತ್ರ ಯಾಕೆ ಹೀಗೆ?

ಇನ್ನೊಂದು, ರಾತ್ರಿ ಎಚ್ಚರ ಇರುವವರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಾಟ್ಸಾಪಲ್ಲಿ ಯಾರೋ ಕಳಿಸಿದ್ದರು. ಎಷ್ಟು ನಿಜ? ಸಂಶೋಧನೆಯಲ್ಲಿ ಎಂತ ಹೇಳಿದ್ದಾರೆ ಎಂದು ಓದಿದವರು ಹೇಳಿ. ಬಾದಾಮಿ ಹಾಲು ಕುಡಿಯಿರಿ, ಕಾಲಿಗೆ ಎಣ್ಣೆ ಹಚ್ಚಿ, ಇದೆಲ್ಲ ಬೇಡ ಮಾರಾಯ್ರೆ, ಅದೆಲ್ಲ ಆಗಿದೆ.

ಕಂಕನಾಡಿ ನೈಟ್‌ಡ್ಯೂಟಿ:

ಅಣ್ಣ, ನಾನು ಮಂಗಳೂರಿನಲ್ಲಿ ನರ್ಸ್. ನಮ್ಮ ಕಥೆ ನಿಮ್ಮದಕ್ಕಿಂತ ಕಡೆ, ಏಕೆಂದರೆ ನಿಮಗೆ ಆರು ತಿಂಗಳಿಗೊಮ್ಮೆ ಬದಲು, ನಮಗೆ ಡ್ಯೂಟಿ ಚಾರ್ಟ್ ಬಂದ ಹಾಗೆಲ್ಲ ಬದಲು. ರಾತ್ರಿಯಿಂದ ಬೆಳಗಿನ ಪಾಳಿಗೆ ಹಾಕಿದರೆ ಸತ್ತ ಹಾಗೆ, ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಹಾಕಿದರೆ ಹೇಗೋ ಆಗುತ್ತದೆ. ಇದು ನನ್ನ ಮನಸ್ಸಿನ ಭ್ರಮೆ ಅಂದುಕೊಂಡಿದ್ದೆ. ಆಮೇಲೆ ಓದಿದರೆ 1982ರಲ್ಲೇ ಅಮೆರಿಕದ ಯೂಟಾದ ಒಂದು ಖನಿಜ ಕಾರ್ಖಾನೆಯಲ್ಲಿ ಚಾರ್ಲ್ಸ್ ಸೈಸ್ಲರ್ ಎಂಬವರ ತಂಡ ಇದನ್ನೇ ಮಾಡಿ ನೋಡಿದೆ. ಪಾಳಿ ಹಿಂದಕ್ಕೆ, ಅಂದರೆ ರಾತ್ರಿಯಿಂದ ಬೆಳಗಿನ ಕಡೆಗೆ, ಸರಿಯುತ್ತಿದ್ದದ್ದನ್ನು ಮುಂದಕ್ಕೆ, ಬೆಳಗ್ಗೆಯಿಂದ ರಾತ್ರಿಯ ಕಡೆಗೆ, ಸರಿಯುವ ಹಾಗೆ ಮಾಡಿದರು, ವಾರಕ್ಕೊಮ್ಮೆ ಬದಲಾಗುತ್ತಿದ್ದದ್ದನ್ನು ಮೂರು ವಾರಕ್ಕೊಮ್ಮೆ ಮಾಡಿದರು. ಕೆಲಸಗಾರರಿಗೂ ಹಿಡಿಸಿತು, ಉತ್ಪಾದನೆಯೂ ಜಾಸ್ತಿಯಾಯಿತು. ನಾನು ಇದನ್ನು ಪ್ರಿಂಟ್ ತೆಗೆದು ಚಾರ್ಟ್ ಹಾಕುವವರ ಮೇಜಿನ ಮೇಲೆ ಇಟ್ಟೆ. ಅದರ ಮೇಲೆ ಯಾರೋ ಚಾ ಗ್ಲಾಸು ಇಟ್ಟಿದ್ದಾರೆ, ಅಷ್ಟೇ ಪ್ರಗತಿ.

ರಾತ್ರಿ ಪಾಳಿಯ ದಿನಗಳಲ್ಲಿ ನಾನು ಮಾಡುವುದು ಹೇಳುತ್ತೇನೆ. ಸಂಜೆ ಹೊರಡುವ ಮೊದಲು ಸ್ವಲ್ಪ ಮಲಗುವುದು, ಚಾ ನಡುರಾತ್ರಿಯೊಳಗೆ ಮುಗಿಸುವುದು, ಬೆಳಗ್ಗೆ ಬಸ್ಸಿನಲ್ಲಿ ಕಪ್ಪು ಕನ್ನಡಕ, ಮನೆಯಲ್ಲಿ ಕಿಟಕಿಗೆ ದಪ್ಪ ಪರದೆ. ಕನ್ನಡಕ ಹಾಕಿ ಸ್ಕೂಟರ್ ಬಿಡಬೇಡಿ. ಮೊದಲೇ ತೂಕಡಿಕೆ, ಮೇಲಿಂದ ಕತ್ತಲೆ ಆಗುತ್ತದೆ. ನಿಮ್ಮ ಮಳೆಗಾಲದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿಲ್ಲ, ಗೂಬೆಯವರು ಬರಲಿ.

ಮಣಿಪಾಲದ ಗೂಬೆ:

ಬಂದೆ ಅಕ್ಕ. ಫಿಸಿಯಾಲಜಿ ಪಿಜಿ ಮಾಡುತ್ತಿದ್ದೇನೆ, ಡಾಕ್ಟರ್ ಸಲಹೆ ಅಂತ ತೆಗೆದುಕೊಳ್ಳಬೇಡಿ, ಓದಿದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆರು ಗಂಟೆಗೆ ಏಳುವ ವಿಷಯ. ಚೆಂಡೆಯಣ್ಣ, ನಿಮ್ಮ ಮನೆಯವರು ಒಳ್ಳೆಯದಕ್ಕೇ ಮಾಡುತ್ತಿದ್ದಾರೆ, ಆದರೆ ಅದು ತಿರುಗಿ ಹೊಡೆಯುತ್ತಿದೆ. ಕಾರಣ ಹೀಗೆ. ಮೆದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಸರಿಯಾಗಿ ಮೇಲೆ, ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗುಂಪು ಉಂಟು. ಅದೇ ಮುಖ್ಯ ಗಡಿಯಾರ. ಲಿವರ್, ಹೊಟ್ಟೆ, ಹೃದಯ, ಇವಕ್ಕೂ ತಮ್ಮದೇ ಗಡಿಯಾರ ಇದೆ, ಆದರೆ ಭಾಗವತರ ಜಾಗಟೆ ಕೇಳಿ ಚೆಂಡೆ ಮದ್ದಳೆ ಹೋಗುವ ಹಾಗೆ ಅವು ಇದನ್ನು ಅನುಸರಿಸುತ್ತವೆ. ಈ ಮುಖ್ಯ ಗಡಿಯಾರ ತಾನಾಗಿ 24 ಗಂಟೆಗೆ ಸರಿಯಾಗಿ ಸುತ್ತುವುದಿಲ್ಲ. ಹೊರಗಿನ ಹೊತ್ತು ತಿಳಿಯದ ಹಾಗೆ ಜನರನ್ನು ಇಟ್ಟು 1999ರಲ್ಲಿ ಅಳೆದಾಗ ಸರಾಸರಿ 24 ಗಂಟೆ 11 ನಿಮಿಷ ಬಂತು. ಅಂದರೆ ಬಿಟ್ಟರೆ ಅದು ದಿನಾ ಸ್ವಲ್ಪ ತಡವಾಗುತ್ತಲೇ ಹೋಗುತ್ತದೆ. ಹಾಗಾಗಿ ತಡ ಮಾಡುವುದು ಸುಲಭ, ಬೇಗ ಮಾಡುವುದು ಕಷ್ಟ. ನವೆಂಬರಲ್ಲಿ ನೀವು ಗಡಿಯಾರವನ್ನು ಅದಕ್ಕೆ ಇಷ್ಟವಿದ್ದ ಕಡೆಗೇ ತಳ್ಳುತ್ತೀರಿ. ಜೂನಲ್ಲಿ ಎದುರು ಈಜಬೇಕು.

ಅದನ್ನು ದಿನಾ ಸರಿ ಮಾಡುವುದು ಬೆಳಕು. ಕಣ್ಣಲ್ಲಿ ನೋಡುವ ಕೆಲಸದ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ಬೆಳಕು ಹಿಡಿಯುವ ವಸ್ತು ಇರುವ ಬೇರೆ ಕೋಶಗಳಿವೆ, ಅವು ಬೆಳಕಿನ ಸುದ್ದಿಯನ್ನು ನೇರ ಗಡಿಯಾರಕ್ಕೆ ಮುಟ್ಟಿಸುತ್ತವೆ. ಈಗ ಮುಖ್ಯ ವಿಷಯ. ಬೆಳಕು ಯಾವ ಹೊತ್ತಿಗೆ ಬಿದ್ದರೂ ಒಂದೇ ಪರಿಣಾಮ ಅಲ್ಲ. ರಾತ್ರಿ ಮೈಯ ಉಷ್ಣತೆ ಅತಿ ಕಡಿಮೆ ಆಗುವ ಒಂದು ಹೊತ್ತು ಇರುತ್ತದೆ, ಅಲಾರಂ ಇಲ್ಲದೆ ಏಳುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲು. ಅದಕ್ಕೆ ಮುಂಚೆ ಕಣ್ಣಿಗೆ ಬೆಳಕು ಬಿದ್ದರೆ ಗಡಿಯಾರ ಇನ್ನೂ ತಡವಾಗುತ್ತದೆ, ನಂತರ ಬಿದ್ದರೆ ಬೇಗವಾಗುತ್ತದೆ. ನೀವು ತಾನಾಗಿ ಏಳುವುದು ಹನ್ನೊಂದಕ್ಕೆ, ಹಾಗಾದರೆ ನಿಮ್ಮ ಆ ಹೊತ್ತು ಈಗ ಒಂಬತ್ತರ ಆಸುಪಾಸು. ಆರು ಗಂಟೆಗೆ ಹಾಲು ಹಾಕಲು ಹೋದರೆ ನಿಮ್ಮ ದೇಹಕ್ಕೆ ಅದು ನಡುರಾತ್ರಿ ಕಳೆದ ಹೊತ್ತಿನ ಬೆಳಕು. ಗಡಿಯಾರ ಏನು ತಿಳಿಯುತ್ತದೆ? ಸಂಜೆ ಇನ್ನೂ ಮುಗಿದಿಲ್ಲ ಎಂದು. ಇನ್ನೂ ತಡಕ್ಕೆ ಹೋಗುತ್ತದೆ.

ಹಾಗಾಗಿ ಸದ್ಯಕ್ಕೆ ಹಾಲು ಬೇರೆ ಯಾರಾದರೂ ಹಾಕಲಿ. ನೀವು ಮೊದಲು ಹತ್ತೂವರೆಗೆ ಏಳಿ, ಎದ್ದ ಕೂಡಲೇ ಹೊರಗೆ ಹೋಗಿ, ಅರ್ಧ ಗಂಟೆಗೆ ಕಡಿಮೆ ಇಲ್ಲದ ಹಾಗೆ. ಒಂದೆರಡು ದಿನ ಬಿಟ್ಟು ಹತ್ತಕ್ಕೆ, ಆಮೇಲೆ ಒಂಬತ್ತೂವರೆಗೆ, ಹೀಗೆ ಇಳಿಸುತ್ತಾ ಬನ್ನಿ. ಅವಸರ ಮಾಡಿ ಒಂದೇ ಸಲ ಏಳಕ್ಕೆ ಹಾರಿದರೆ ಮತ್ತೆ ಆ ತಪ್ಪು ಬದಿಗೇ ಬೀಳುತ್ತೀರಿ. ವಿಮಾನದಲ್ಲಿ ಪೂರ್ವಕ್ಕೆ ಹೋದವರ ಗಡಿಯಾರ ಸರಿಯಾಗುವುದೂ ದಿನಕ್ಕೆ ಸುಮಾರು ಒಂದೇ ಗಂಟೆ, ಪಶ್ಚಿಮಕ್ಕೆ ಹೋದವರದ್ದು ಒಂದೂವರೆ ಗಂಟೆವರೆಗೆ.

ಮಳೆಗಾಲ ಇಲ್ಲಿ ಆಟ ಕೆಡಿಸುತ್ತದೆ, ಅದೂ ನಿಜ. ಮನೆಯೊಳಗೆ ಟ್ಯೂಬ್‌ಲೈಟ್ ಹಾಕಿದರೂ 100ರಿಂದ 300 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಇರಬಹುದು. ಹೊರಗೆ ಮೋಡ ಕವಿದಿದ್ದರೂ ಸಾವಿರದ ಲೆಕ್ಕದಲ್ಲಿ ಇರುತ್ತದೆ, ಬಿಸಿಲಿದ್ದರೆ ಲಕ್ಷದವರೆಗೆ. ನಮ್ಮ ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹೊರಗೂ ಕತ್ತಲೆಯೇ ಅಲ್ವಾ ಅಂತ ಒಳಗೇ ಕೂರುತ್ತೇವೆ. ಕೊಡೆ ಹಿಡಿದಾದರೂ ಹೋಗಿ, ಇಲ್ಲವಾದರೆ ಚಾವಡಿಯಲ್ಲಿ ಅಲ್ಲ, ಅಂಗಳದ ಅಂಚಿನಲ್ಲಿ, ಆಕಾಶ ಕಾಣುವ ಕಡೆ ಕೂರಿ. ಮತ್ತೊಂದು, ಹಗಲಿಡೀ ಮಂಕು ಬೆಳಕಲ್ಲಿ ಇದ್ದವರಿಗೆ ರಾತ್ರಿಯ ದೀಪ ಜಾಸ್ತಿ ತಾಗುತ್ತದೆ. ರಾತ್ರಿ ಹೊತ್ತು ಗಡಿಯಾರವನ್ನು ಸರಿಸಲು ಸುಮಾರು 100 ಲಕ್ಸ್ ಬೆಳಕು ಅತಿ ಪ್ರಖರ ಬೆಳಕಿನ ಅರ್ಧದಷ್ಟು ಕೆಲಸ ಮಾಡುತ್ತದೆ ಎಂದು 2000ದಲ್ಲಿ ಒಂದು ಅಧ್ಯಯನ ತೋರಿಸಿತು. ಮೊಬೈಲ್ ಒಂದನ್ನೇ ಬೈದು ತಲೆ ಮೇಲಿನ ಟ್ಯೂಬ್‌ಲೈಟ್ ಹಾಗೇ ಉರಿಸುವವರು ಇದನ್ನು ಗಮನಿಸಬೇಕು. ಒಂಬತ್ತರ ನಂತರ ಒಂದು ಮೂಲೆ ದೀಪ ಸಾಕು.

ಯಕ್ಷಪ್ರಿಯ ಹಳಬ:

ಇದೆಲ್ಲ ಹೊಸ ಹುಡುಗರ ತಲೆಬಿಸಿ. ನಾನು ಚಿಕ್ಕಂದಿನಿಂದ ಆಟ ನೋಡಿದವನು. ಹಿಂದಿನ ಕಲಾವಿದರು ಮೈಲುಗಟ್ಟಲೆ ನಡೆದು ಹೋಗಿ ಬೆಳಗಿನವರೆಗೆ ಕುಣಿದವರು. ಅವರಿಗೆ ಲಕ್ಸು ಗಿಕ್ಸು ಇರಲಿಲ್ಲ, ಗ್ಯಾಸ್‌ಲೈಟ್ ಇತ್ತು. ಎಂಬತ್ತು ದಾಟಿ ಬದುಕಿದವರನ್ನು ನಾನೇ ಕಂಡಿದ್ದೇನೆ. ಮಳೆಗಾಲದಲ್ಲಿ ಗದ್ದೆಗೆ ಇಳಿದರೆ ನಿದ್ದೆ ತಾನಾಗಿ ಬರುತ್ತಿತ್ತು. ಮೈ ಬಗ್ಗಿಸಿ ಕೆಲಸ ಮಾಡಿ, ಕ್ಯಾನ್ಸರೂ ಇಲ್ಲ ಎಂತದ್ದೂ ಇಲ್ಲ.

ಮಣಿಪಾಲದ ಗೂಬೆ:

ರಾಯರೇ, ಗದ್ದೆಯ ಮಾತು ನೂರಕ್ಕೆ ನೂರು ಸರಿ, ಆದರೆ ಅಲ್ಲಿ ಕೆಲಸ ಮಾಡಿದ್ದು ಬರೀ ಮೈ ದಣಿವು ಅಲ್ಲ, ಬೆಳಗ್ಗಿನಿಂದ ಸಂಜೆವರೆಗೆ ಆಕಾಶದ ಕೆಳಗೆ ಇದ್ದದ್ದು, ಮತ್ತು ಕತ್ತಲಾದ ಮೇಲೆ ಮನೆಯಲ್ಲಿ ಚಿಮಣಿ ದೀಪ ಮಾತ್ರ ಇದ್ದದ್ದು. ಅಮೆರಿಕದ ಕೊಲರಾಡೊದಲ್ಲಿ ಕೆನೆತ್ ರೈಟ್ ಅವರ ತಂಡ ಕೆಲವರನ್ನು ಒಂದು ವಾರ ಬೆಟ್ಟದಲ್ಲಿ ಟೆಂಟ್ ಹಾಕಿ ಇರಿಸಿತು, ವಿದ್ಯುತ್ ದೀಪ ಇಲ್ಲ, ರಾತ್ರಿ ಬೆಂಕಿಯ ಬೆಳಕು ಅಷ್ಟೇ. ಅವರ ದೇಹದ ಗಡಿಯಾರ ಎರಡು ಗಂಟೆಯಷ್ಟು ಬೇಗಕ್ಕೆ ಬಂತು. 2013ರಲ್ಲಿ ಪ್ರಕಟವಾಯಿತು. ನಿಮ್ಮ ಗದ್ದೆಯೂ ಅದೇ.

ಎಂಬತ್ತು ದಾಟಿದವರನ್ನು ಕಂಡಿದ್ದೀರಿ, ಸರಿ. ಮೈಗೆ ಆಗದೆ ಎರಡೇ ವರ್ಷದಲ್ಲಿ ಮೇಳ ಬಿಟ್ಟು ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದವರು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ? ಉಳಿದವರು ಮೊದಲೇ ಗಟ್ಟಿಗರು. ಪಾಳಿ ಕೆಲಸದ ಎಲ್ಲ ಅಧ್ಯಯನಗಳಿಗೂ ಇದೇ ದೊಡ್ಡ ತಲೆನೋವು.

ಕ್ಯಾನ್ಸರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 2ಎ ಗುಂಪಿಗೆ ಹಾಕಿತು, 2019ರಲ್ಲಿ ರಾತ್ರಿ ಕೆಲಸವನ್ನು ಮತ್ತೆ ನೋಡಿ ಅಲ್ಲೇ ಇಟ್ಟಿತು. ಬಹುಶಃ ಕ್ಯಾನ್ಸರ್ ತರಬಹುದು ಎಂಬ ಗುಂಪು ಅದು. ಕುರಿ, ಹಂದಿ, ದನದ ಮಾಂಸವೂ ಅದೇ ಗುಂಪಿನಲ್ಲಿ ಉಂಟು. ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ. ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಹೆಂಗಸರನ್ನು ಗಮನಿಸಿದ ಅಧ್ಯಯನ 2016ರಲ್ಲಿ ಬಂದಾಗ ರಾತ್ರಿ ಪಾಳಿಯವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಕಾಣಲಿಲ್ಲ. ಅಂದರೆ ವಾದ ಮುಗಿದಿಲ್ಲ. ವಾಟ್ಸಾಪಲ್ಲಿ ಮಾತ್ರ ಮುಗಿದಿದೆ.

ನನಗೆ ಕೇಳಿದರೆ ಮೇಳದವರು ಹೆದರಬೇಕಾದ್ದು ಸಕ್ಕರೆಗೆ. 2009ರಲ್ಲಿ ಬಾಸ್ಟನ್ನಿನಲ್ಲಿ ಫ್ರಾಂಕ್ ಶೀರ್ ಅವರ ತಂಡ ಹತ್ತು ಜನರನ್ನು ಪ್ರಯೋಗಾಲಯದಲ್ಲಿಟ್ಟು 28 ಗಂಟೆಯ ದಿನ ಮಾಡಿಸಿತು, ಅಂದರೆ ಊಟ ನಿದ್ದೆ ಎಲ್ಲ ದಿನಾ ನಾಲ್ಕು ಗಂಟೆ ಸರಿಯುತ್ತಾ ಹೋಯಿತು. ಗಡಿಯಾರಕ್ಕೆ ಊಟ ಪೂರ್ತಿ ಉಲ್ಟಾ ಆದಾಗ ಲೆಕ್ಕಕ್ಕೆ ಸಿಕ್ಕ ಎಂಟರಲ್ಲಿ ಮೂವರ ಸಕ್ಕರೆ, ಊಟದ ನಂತರ, ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದಿತ್ತು. ಅವರೆಲ್ಲ ಆರೋಗ್ಯವಂತರು. ಅದೇ ಬಳಗದವರು 2021ರಲ್ಲಿ ಮತ್ತೊಂದು ಮಾಡಿದರು, ರಾತ್ರಿ ಎಚ್ಚರ ಇರಿಸಿ ಒಂದು ಗುಂಪಿಗೆ ರಾತ್ರಿಯೂ ಊಟ, ಇನ್ನೊಂದಕ್ಕೆ ಹಗಲು ಮಾತ್ರ. ರಾತ್ರಿ ಉಂಡವರ ಸಕ್ಕರೆ ಸರಾಸರಿ 6.4 ಶೇಕಡಾ ಏರಿತು, ಹಗಲು ಮಾತ್ರ ಉಂಡವರದ್ದು ಏರಲಿಲ್ಲ. ಜನ ಹತ್ತೊಂಬತ್ತೇ, ಅದನ್ನೂ ಹೇಳಬೇಕು. ಆದರೂ ಆಟದ ನಡುವೆ ಎರಡು ಗಂಟೆಗೆ ಬಣ್ಣ ಹಚ್ಚುವ ಚೌಕಿಯಲ್ಲಿ ಹೊಟ್ಟೆ ತುಂಬ ಅನ್ನ ಹೊಡೆಯುವ ಬದಲು ಆಟಕ್ಕೆ ಮೊದಲು ಉಂಡು, ರಾತ್ರಿ ಸಣ್ಣದೇನಾದರೂ ತಿಂದರೆ ನಷ್ಟವಂತೂ ಇಲ್ಲ.

ಮಲ್ಪೆ ಬೋಟು:

ಚೆಂಡೆಯವರೇ, ನಾವೂ ನಿಮ್ಮ ಜಾತಿಯೇ. ಜೂನ್ 1ರಿಂದ ಜುಲೈ 31ರವರೆಗೆ ಬೋಟಿಗೆ ರಜೆ, ಮನೆಯಲ್ಲಿ ಕೂತರೆ ರಾತ್ರಿ ಎರಡು ಗಂಟೆಗೆ ಬಲೆ ಎಳೆಯುವ ಹೊತ್ತು ಆಯಿತು ಎಂದು ಎಚ್ಚರ ಆಗುತ್ತದೆ. ನಮಗೆ ಕಡಲಲ್ಲಿ ರಾತ್ರಿ ಹಗಲು ಎಂಬುದೇ ಇಲ್ಲ. ಬಲೆ ಬಿಡು, ಕೆಲವು ಗಂಟೆ ಎಳೆ, ಮೀನು ವಿಂಗಡಿಸು, ಐಸು ಹಾಕು, ಮಲಗು, ಮತ್ತೆ ಏಳು. ಬೋಟು ನಡೆಸುವ ತಾಂಡೇಲ ಕರೆದಾಗ ಏಳಲೇಬೇಕು. ಗೂಬೆ ತಮ್ಮಾ, ತುಂಡು ತುಂಡು ನಿದ್ದೆಗೆ ಏನಾದರೂ ಹೇಳಿದ್ದಾರಾ? ನಮಗೆ ಬೆಳಕು ಬೇಕಾದಷ್ಟು ಉಂಟು, ನಿದ್ದೆಯೇ ಇಲ್ಲ.

ಮಣಿಪಾಲದ ಗೂಬೆ:

ಉಂಟು ಅಣ್ಣ. ಮ್ಯಾಂಚೆಸ್ಟರಿನ ಮೈನರ್ಸ್ ಮತ್ತು ವಾಟರ್‌ಹೌಸ್ ಎಂಬಿಬ್ಬರು 1981ರಲ್ಲಿ ತೋರಿಸಿದ್ದು. ಎಂಟು ಗಂಟೆ ನಿದ್ದೆಯಲ್ಲಿ ನಾಲ್ಕು ಗಂಟೆ ದಿನಾ ಒಂದೇ ಹೊತ್ತಿಗೆ ಸಿಕ್ಕಿದರೆ, ಉಳಿದ ನಾಲ್ಕು ಅಡ್ಡಾದಿಡ್ಡಿ ಆದರೂ ಗಡಿಯಾರ ಹೆಚ್ಚು ಕಡಿಮೆ 24 ಗಂಟೆಗೆ ನಿಲ್ಲುತ್ತದೆ. ಲಂಗರು ನಿದ್ದೆ ಅನ್ನುತ್ತಾರೆ, ನಿಮಗೆ ಆ ಹೆಸರು ವಿವರಿಸಬೇಕಾಗಿಲ್ಲ. ಬೋಟಿನಲ್ಲಿ ಏಳೆಂಟು ಜನ ಇದ್ದರೆ ಪಾಳಿ ಹಂಚುವಾಗ ಒಬ್ಬೊಬ್ಬರಿಗೆ ದಿನಾ ಒಂದೇ ತುಂಡು ಖಾಯಂ ಆಗಿ ಸಿಗುವ ಹಾಗೆ ಮಾಡಲು ಆಗುತ್ತದಾ ನೋಡಿ. ತಾಂಡೇಲರಿಗೆ ಒಪ್ಪಿಸುವುದು ನಿಮ್ಮ ಕೆಲಸ.

ಅಂದಹಾಗೆ ನೀವು ರಾತ್ರಿ ಎರಡಕ್ಕೆ ಎಚ್ಚರ ಆಗುವುದು ಹೊಸ ವಿಷಯ ಅಲ್ಲ. 1729ರಲ್ಲಿ ಫ್ರಾನ್ಸಿನ ದ ಮೈರಾಂ ಎಂಬ ವಿದ್ವಾಂಸ ನಾಚಿಕೆ ಮುಳ್ಳಿನ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದ, ಬಿಸಿಲಿಲ್ಲದಿದ್ದರೂ ಅದು ಹಗಲಿಗೆ ಎಲೆ ಬಿಡಿಸಿ ರಾತ್ರಿಗೆ ಮಡಚುತ್ತಿತ್ತು. ನಮ್ಮ ಗುಡ್ಡೆಯಲ್ಲಿ ಕಾಲಿಗೆ ಗೀರುವ ಅದೇ ಗಿಡದ ಬಳಗ. ಅಲ್ಲಿಂದ ಶುರುವಾಗಿ 1971ರಲ್ಲಿ ಕೊನೊಪ್ಕ, ಬೆಂಝರ್ ಹಣ್ಣಿನ ನೊಣದಲ್ಲಿ ಈ ಗಡಿಯಾರದ ಜೀನ್ ಗುರುತಿಸಿದರು, ಅದು ಹೇಗೆ ನಡೆಯುತ್ತದೆ ಎಂದು ಬಿಡಿಸಿದ ಹಾಲ್, ರಾಸ್‌ಬಾಷ್, ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮವರೂ ಹಿಂದೆ ಬಿದ್ದಿಲ್ಲ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರಿನಲ್ಲಿ ವಿಜಯ್ ಕುಮಾರ್ ಶರ್ಮ ಅವರ ಲ್ಯಾಬಿನವರು ನೊಣಗಳಲ್ಲಿ ಬೆಳಗ್ಗೆ ಹೊರಬರುವವನ್ನೇ ಒಂದು ಸಾಲು, ಸಂಜೆ ಹೊರಬರುವವನ್ನೇ ಇನ್ನೊಂದು ಸಾಲು ಮಾಡಿ ಪೀಳಿಗೆ ಮೇಲೆ ಪೀಳಿಗೆ ಆರಿಸುತ್ತಾ ಹೋದರು. ಬೆಳಗಿನವುಗಳ ಒಳಗಡಿಯಾರ ಗಿಡ್ಡವಾಯಿತು, ಸಂಜೆಯವುಗಳದ್ದು ಉದ್ದವಾಯಿತು. ಕೆಲವರು ಹುಟ್ಟಿನಿಂದಲೇ ಗೂಬೆಗಳು, ಸೋಮಾರಿಗಳಲ್ಲ ಎಂದು ನಾನು ಅಮ್ಮನಿಗೆ ಹೇಳುವುದು ಇದನ್ನು ಹಿಡಿದುಕೊಂಡೇ. ಅಮ್ಮ ಒಪ್ಪಿಲ್ಲ.

ಪಡುವಣ ಕರಾವಳಿ:

ಒಂದು ಸಣ್ಣ ಮಾತು ಸೇರಿಸುತ್ತೇನೆ. ಭಾರತದ ಗಡಿಯಾರ ನಿಂತಿರುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಮಂಗಳೂರು 75ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೆ ನಮ್ಮ ಸೂರ್ಯ ಗೋಡೆ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಜುಲೈಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಹನ್ನೆರಡೂವರೆ ದಾಟಿರುತ್ತದೆ, ಮುಳುಗುವಾಗ ಏಳು. ಕೊಲ್ಕತ್ತಾದವನ ಆರೂವರೆ, ನಮ್ಮ ಆರೂವರೆ ಒಂದೇ ಅಲ್ಲ. ಹಾಗಾಗಿ ಇಲ್ಲಿಯವರಿಗೆ ಬೆಳಗಿನ ಶಾಲೆ, ಬೆಳಗಿನ ಪಾಳಿ ಸ್ವಲ್ಪ ಜಾಸ್ತಿಯೇ ಭಾರ. ಚೆಂಡೆಯವರು ಬೆಳಗ್ಗೆ ಆರಕ್ಕೇ ಎದ್ದು ನಿಲ್ಲಬೇಕೆಂದು ಗುರಿ ಇಡುವ ಅಗತ್ಯ ಇಲ್ಲ, ಏಳಕ್ಕೆ ಬಂದರೆ ಸಾಕು ಅನ್ನುತ್ತೇನೆ.

ಚೆಂಡೆಕೋಲು:

ಎಲ್ಲರಿಗೂ ಉಪಕಾರ. ಗೂಬೆಯವರ ಮೊದಲ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಹಾಗಾದರೆ ಹಾಲು ನಾನೇ ಹಾಕಬೇಕು ಅಂತ ಅರ್ಥ ಅಲ್ವಾ ಎಂದಳು. ಈಗ ಮಗ ಹಾಕುತ್ತಿದ್ದಾನೆ, ಅವನ ಮುಖ ನೋಡುವ ಹಾಗಿಲ್ಲ. ನಾನು ಹತ್ತೂವರೆಯ ಲೆಕ್ಕ ಶುರು ಮಾಡಿದ್ದೇನೆ.

ಎರಡು ಪ್ರಶ್ನೆ ಉಳಿದಿದೆ. ಮೇಳದ ಗೆಳೆಯನೊಬ್ಬ, ಹಿಂದಕ್ಕೆ ತರುವುದಕ್ಕಿಂತ ದಿನಾ ಮೂರು ಗಂಟೆ ಮುಂದಕ್ಕೆ ದಬ್ಬುತ್ತಾ ಇಡೀ ಸುತ್ತು ಬಂದರೆ ಬೇಗ ಅನ್ನುತ್ತಾನೆ. ಮತ್ತೆ, ಚಿಕ್ಕಮೇಳಕ್ಕೆ ಕರೆದಿದ್ದಾರೆ, ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಮನೆ ಮನೆಗೆ ಹೋಗಿ ಸಣ್ಣ ಆಟ ಆಡುವುದು. ದುಡಿಮೆ, ಬಿಡುವ ಹಾಗಿಲ್ಲ. ಅದರಿಂದ ಇದೆಲ್ಲ ಹಾಳಾಗುತ್ತದಾ?

ಕಂಕನಾಡಿ ನೈಟ್‌ಡ್ಯೂಟಿ:

ಗೂಬೆ ಬರುವ ಮೊದಲು ನನ್ನದೊಂದು. ಅಣ್ಣ, ಗೊರಕೆ ಜೋರಾಗಿ ಹೊಡೆಯುತ್ತೀರಾ, ನಡುವೆ ಉಸಿರು ನಿಂತ ಹಾಗಾಗುತ್ತದಾ ಎಂದು ಮನೆಯವರಲ್ಲಿ ಕೇಳಿ. ಏಳೆಂಟು ಗಂಟೆ ಮಲಗಿಯೂ ಹಗಲು ತೂಕಡಿಸಿದರೆ ಅದು ಗಡಿಯಾರದ ಕಥೆ ಅಲ್ಲ, ಡಾಕ್ಟರಿಗೆ ತೋರಿಸಬೇಕು. ನಿದ್ದೆಗೆಂದು ಕೊಡುವ ಮೆಲಟೋನಿನ್ ಮಾತ್ರೆಯನ್ನೂ ಮೆಡಿಕಲಿನಿಂದ ಸುಮ್ನೆ ತಂದು ನುಂಗಬೇಡಿ. ಅದರಲ್ಲೂ ಯಾವ ಹೊತ್ತಿಗೆ ತೆಗೆದುಕೊಳ್ಳುವುದು ಎಂಬುದೇ ಮುಖ್ಯ, ಬೆಳಕಿನ ಹಾಗೆಯೇ ತಪ್ಪು ಹೊತ್ತಿಗೆ ತಪ್ಪು ಬದಿಗೆ ಎಳೆಯುತ್ತದೆ.

ಮಣಿಪಾಲದ ಗೂಬೆ:

ನಿಮ್ಮ ಗೆಳೆಯನ ಉಪಾಯ ಹುಚ್ಚಲ್ಲ. 1981ರಲ್ಲಿ ಸೈಸ್ಲರ್ ಮತ್ತವರು ತಡವಾಗಿ ನಿದ್ದೆ ಬರುವ ರೋಗಿಗಳಿಗೆ ಅದನ್ನೇ ಮಾಡಿದ್ದರು, ದಿನಾ ಮೂರು ಗಂಟೆ ಮುಂದಕ್ಕೆ. ಕೆಲಸ ಮಾಡಿತು. ಆದರೆ ಮನೆಮಂದಿಯ ನಡುವೆ ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ, ಏಳಕ್ಕೆ ಮಲಗುತ್ತಾ ಹೋಗುವುದು ಯಾರಿಂದ ಸಾಧ್ಯ? ಒಂದು ದಿನ ತಪ್ಪಿದರೆ ಎಲ್ಲಿದ್ದೀರೆಂದೇ ಗೊತ್ತಾಗುವುದಿಲ್ಲ. ಕೆಲವರಿಗೆ ಆಮೇಲೆ ಗಡಿಯಾರ ನಿಲ್ಲದೆ ದಿನಾ ಮುಂದಕ್ಕೆ ಜಾರುತ್ತಲೇ ಇದ್ದ ವರದಿಯೂ ಇದೆ. ನನ್ನ ಮತ ಬೇಡ.

ಚಿಕ್ಕಮೇಳಕ್ಕೆ ಧೈರ್ಯವಾಗಿ ಹೋಗಿ. ಹತ್ತೂವರೆಗೆ ಮುಗಿದರೆ ಹನ್ನೆರಡೂವರೆ ಒಂದಕ್ಕೆ ಮಲಗಬಹುದು, ಏಳೂವರೆ ಎಂಟಕ್ಕೆ ಏಳಬಹುದು. ವಯಸ್ಕರಿಗೆ ಏಳು ಗಂಟೆಗೆ ಕಡಿಮೆ ಆಗಬಾರದು ಎನ್ನುತ್ತಾರೆ, ಅಷ್ಟು ಸಿಗುತ್ತದೆ. ತಿರುಗಾಟ ಮತ್ತೆ ಶುರುವಾಗುವಾಗಲೂ ಒಂದರಿಂದ ರಾತ್ರಿಗೆ ಸರಿಯುವುದು ಹತ್ತರಿಂದ ಸರಿಯುವುದಕ್ಕಿಂತ ಸುಲಭ, ನಿಮ್ಮಂಥವರಿಗೆ ನಡುವಿನ ಒಂದು ಜಾಗವೇ ಒಳ್ಳೆಯದು. ತೊಂದರೆ ಇರುವುದು ಚಾದಲ್ಲಿ. ಪ್ರತಿ ಮನೆಯಲ್ಲೂ ಕೊಡುತ್ತಾರೆ, ಬೇಡ ಅನ್ನಲು ನಾಚಿಕೆ. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಏಳರ ನಂತರ ಬೆಲ್ಲ ನೀರು ಕೇಳಿ.